ಮುಗಿದ ಪ್ರದರ್ಶನಕ್ಕೆ ಇಷ್ಟು ಪುಟ ಯಾಕೆ?

ಶಿರಸಿಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಹಳೆಯ ಕಲಾಪ್ರದರ್ಶನಗಳ ಬಗ್ಗೆ ನಾವು ಬರೆದದ್ದು ನಿಮಗೆ ಜಾಸ್ತಿ ಅನ್ನಿಸಿದೆ. "ಮುಗಿದದ್ದನ್ನು ಓದಿ ನಾವೇನು ಮಾಡೋಣ? ಚಿತ್ರಗಳು ಮ್ಯೂಸಿಯಂನಲ್ಲಿ ಹೇಗೂ ಇರುತ್ತವೆ, ಬೇಕಾದಾಗ ಹೋಗಿ ನೋಡಬಹುದು ಅಲ್ವಾ?" ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಚಿತ್ರ ಮ್ಯೂಸಿಯಂನಲ್ಲಿದೆ ಎಂದ ಮಾತ್ರಕ್ಕೆ ಅದು ಗೋಡೆಯ ಮೇಲಿರುತ್ತದೆ ಎಂದಲ್ಲ. ಕೆ. ವೆಂಕಟಪ್ಪನವರ ಊಟಿಯ ಚಿತ್ರಗಳನ್ನೇ ನೆನೆಸಿಕೊಳ್ಳಿ. ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದವರು ಅವರು. ಬೆಟ್ಟ, ಮಂಜು, ಮರದ ತುದಿಗೆ ತಾಗಿದ ಬಿಸಿಲು, ಎಲ್ಲವೂ ತೆಳು ಜಲವರ್ಣದಲ್ಲಿವೆ. ಕಾಗದದ ಮೇಲಿನ ಬಣ್ಣಕ್ಕೆ ಬೆಳಕೇ ಶತ್ರು, ಒಮ್ಮೆ ಮಾಸಿದರೆ ಮತ್ತೆ ಬರುವುದಿಲ್ಲ. ಅದಕ್ಕೇ ಇಂಥ ಚಿತ್ರಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ), ಅಂದರೆ ಮಂದ ಬೆಳಕು ಸಾಕು ಎಂಬ ಲೆಕ್ಕವನ್ನು ಮ್ಯೂಸಿಯಂನವರು ಇಟ್ಟುಕೊಳ್ಳುತ್ತಾರೆ. ಕೆಲವು ತಿಂಗಳು ತೂಗುಹಾಕಿ, ಆಮೇಲೆ ತೆಗೆದು ಕತ್ತಲಲ್ಲಿಡುವುದು ಒಳ್ಳೆಯ ಪದ್ಧತಿ. ಹಾಗಾಗಿ ಒಂದು ಪ್ರದರ್ಶನ ತಪ್ಪಿದರೆ ಆ ಚಿತ್ರಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಗಬಹುದು.

ಚಿತ್ರ ಉಳಿದರೂ ಪ್ರದರ್ಶನ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಮಾತು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾಯಿತು. ಅಲ್ಲಿ 2018ರಲ್ಲಿ ಕಲಾವಿದ ಎಸ್.ಜಿ. ವಾಸುದೇವ್ ಅವರ ದೊಡ್ಡ ಪ್ರದರ್ಶನ ನಡೆಯಿತು. ಮೈಸೂರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಕಲಿತು, ಅಲ್ಲೇ ಹತ್ತಿರದ ಕಲಾವಿದರ ಊರು ಚೋಳಮಂಡಲದಲ್ಲಿ ದುಡಿದು ಬೆಂಗಳೂರಿಗೆ ಬಂದವರ ದಶಕಗಳ ಕೆಲಸ ಅದು. ವಾಸುದೇವ್ ಅವರ 'ವೃಕ್ಷ'ವನ್ನು ಎಣ್ಣೆಬಣ್ಣದಲ್ಲಿ ನೋಡಿದರೆ ಕಣ್ಣು ಎಲೆ, ಹಕ್ಕಿಗಳ ನಡುವೆ ಅಲೆಯುತ್ತದೆ. ತಾಮ್ರದ ತಗಡನ್ನು ಬಡಿದು ಉಬ್ಬಿಸಿ ಮಾಡಿದ ಕೃತಿಯ ಮುಂದೆ ನಿಂತರೆ ಕೈ ತಾನಾಗಿ ಮುಟ್ಟಲು ಹೋಗುತ್ತದೆ. ನೇಕಾರರೊಬ್ಬರ ಜೊತೆ ಸೇರಿ ಮಾಡಿದ ರೇಷ್ಮೆಯ ಟ್ಯಾಪೆಸ್ಟ್ರಿಗಳದ್ದು, ಅಂದರೆ ನೇಯ್ದ ಚಿತ್ರಗಳದ್ದು, ಮತ್ತೊಂದು ಲೋಕ. ಇವನ್ನೆಲ್ಲ ಒಂದೇ ಸಲ ನೋಡಿದಾಗಲೇ ಒಬ್ಬ ಕಲಾವಿದರ ಯೋಚನೆ ನಮಗೆ ಹಿಡಿತಕ್ಕೆ ಸಿಗುವುದು. ಪ್ರದರ್ಶನ ಮುಗಿದ ಮೇಲೆ ಒಂದೊಂದು ಕೃತಿ ಒಂದೊಂದು ಮನೆ ಸೇರುತ್ತದೆ. ಯಾವುದರ ಪಕ್ಕ ಯಾವುದಿತ್ತು, ಆ ನೇಕಾರರ ಹೆಸರನ್ನು ಎಲ್ಲಿ ಬರೆದಿದ್ದರು, ಇದನ್ನು ಯಾರಾದರೂ ಬರೆದಿಟ್ಟರೆ ಮಾತ್ರ ಉಂಟು.

ಬರೆದಿಟ್ಟದ್ದು ಎಂಥ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ 2016ನ್ನು ನೋಡಿ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಮಾತು ಬಂದಾಗ ಕಲಾವಿದರು ಒಟ್ಟಾಗಿ ಪ್ರತಿಭಟಿಸಿದರು. ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಅಲ್ಲಿನ ಹಾಲ್‌ಗಳಲ್ಲಿ ಹೆಸರಿಲ್ಲದ ಎಷ್ಟೋ ಹುಡುಗರು, ಹುಡುಗಿಯರು ತಮ್ಮ ಮೊದಲ ಪ್ರದರ್ಶನ ಮಾಡಿದ್ದರು. ಈ ಜಾಗ ನಮ್ಮೆಲ್ಲರದು ಎಂದು ಹೇಳುವಾಗ ಆ ಹಳೆಯ ಪ್ರದರ್ಶನಗಳಿಗಿಂತ ಗಟ್ಟಿ ಸಾಕ್ಷಿ ಬೇರೆ ಏನಿದೆ ಹೇಳಿ? ಆದರೆ ಅವುಗಳಲ್ಲಿ ಎಷ್ಟೋ ಪ್ರದರ್ಶನಗಳಿಗೆ ಒಂದು ಕ್ಯಾಟಲಾಗೂ ಇರಲಿಲ್ಲ. ಫೋಟೊಸ್ಟಾಟ್ ಮಾಡಿಸಿದ ಒಂದು ಪಟ್ಟಿ, ಒಂದು ಆಹ್ವಾನ ಪತ್ರಿಕೆ, ಅಷ್ಟೇ. ಅವೂ ರದ್ದಿಗೆ ಹೋಗುತ್ತಿವೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ಈಗ ನಡೆಯುತ್ತಿರುವ ಪ್ರದರ್ಶನಗಳ ವಿವರ ಬೇಕು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಮುಂದಿನ ತಿಂಗಳಿನಿಂದ ಅದಕ್ಕೂ ಒಂದು ಪುಟ ಇರುತ್ತದೆ. ಹಳೆಯದನ್ನು ಮಾತ್ರ ಬಿಡುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲೋ ಪುಸ್ತಕದ ನಡುವೆಯೋ ಹಳೆಯ ಆಹ್ವಾನ ಪತ್ರಿಕೆ, ಬ್ರೋಷರ್ ಸಿಕ್ಕರೆ ದಯವಿಟ್ಟು ಕಳಿಸಿ. ಸ್ಕ್ಯಾನ್ ಮಾಡಿಕೊಂಡು ಜೋಪಾನವಾಗಿ ವಾಪಸ್ ಕಳಿಸುತ್ತೇವೆ. ಅವುಗಳ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಏನಾದರೂ ಗೀಚಿದ್ದರೆ ಅಳಿಸಬೇಡಿ, ಅದೂ ನಮಗೆ ಬೇಕು.

- ಸಂಪಾದಕ