ಜಾರುವುದು ಯಾರ ಕಾಲು?

ಇಲ್ಲಿ ಬರುವ ಗಂಡ ಹೆಂಡತಿಯ ವಯಸ್ಸು, ಕೆಲಸ, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ಇಬ್ಬರೂ ಓದಿ, ಹಾಕಿ ಅಂದ ಮೇಲೆಯೇ ಹಾಕುತ್ತಿದ್ದೇನೆ.

ಗಂಡ ಹೆಂಡತಿ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದು ಟೈಲ್ಸ್ ಜಗಳಕ್ಕೆ ಅಂದರೆ ನಗು ಬರಬಹುದು. ನನಗೂ ಮೊದಲ ಹತ್ತು ನಿಮಿಷ ಹಾಗೇ ಆಯಿತು. ಆಕೆಗೆ ಬೆನ್ನುಹುರಿಗೆ ಪೆಟ್ಟಾಗಿ ಮೂರು ವರ್ಷ. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ದಿನಾ ಸ್ನಾನ ಮಾಡಿಸುವುದು ಗಂಡ. ಈಗ ಬಚ್ಚಲುಮನೆ ಒಡೆದು, ಹೊಸ್ತಿಲು ತೆಗೆದು, ಕುರ್ಚಿ ನೇರ ಷವರ್ ಕೆಳಗೆ ಹೋಗುವ ಹಾಗೆ ಕಟ್ಟಿಸುತ್ತಿದ್ದಾರೆ. ನೆಲಕ್ಕೆ ಏನು ಹಾಕಿಸುವುದು ಅನ್ನುವಲ್ಲಿಗೆ ಬಂದು ಮಾತೇ ನಿಂತುಹೋಗಿದೆ.

ಆತನಿಗೆ ಅಂಗಡಿಯಲ್ಲಿ ಸಿಗುವುದರಲ್ಲೇ ಅತಿ ಒರಟಾದ ಟೈಲ್ಸ್ ಬೇಕು. ಆಕೆಗೆ ಅದು ಬೇಡವೇ ಬೇಡ. ಯಾಕೆ ಅಂತ ಕೇಳಿದ್ದಕ್ಕೆ ಆಕೆ ಕಾಲುಚೀಲ ತೆಗೆದು ಹೆಬ್ಬೆರಳಿನ ಬದಿ ತೋರಿಸಿದರು, ಅಲ್ಲೊಂದು ಒಣಗಿದ ಕರಿ ಹಕ್ಕಳೆ. ಅಂಗಳದ ಒರಟು ನೆಲಕ್ಕೆ ಕಾಲು ತಾಗಿ ಚರ್ಮ ತರಚಿದ್ದು ಸಂಜೆಯವರೆಗೆ ಗೊತ್ತೇ ಆಗಿರಲಿಲ್ಲ. ಸ್ಪರ್ಶ ಇಲ್ಲದ ಕಾಲಿಗೆ ಇಂಥ ಸಣ್ಣ ಗಾಯವೇ ತಿಂಗಳುಗಟ್ಟಲೆ ಕಾಡಬಹುದು.

"ಜಾರಿದರೆ ಏನು ಗತಿ?" ಅಂತ ಆತ ಮತ್ತೆ ಮತ್ತೆ ಹೇಳುತ್ತಿದ್ದರು. ಯಾರು ಜಾರುವುದು ಅಂತ ಕೇಳಿದೆ. ಕುರ್ಚಿಯಲ್ಲಿ ಕೂತವರ ಪಾದ ಫುಟ್‌ರೆಸ್ಟ್ ಮೇಲಿರುತ್ತದೆ, ಅಲ್ವಾ? ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವವರು ನೀವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೊರಬಂತು: ಎರಡು ವರ್ಷದ ಹಿಂದೆ ಆಕೆಯನ್ನು ಎತ್ತುವಾಗ ಸೋಪಿನ ನೀರಿನ ಮೇಲೆ ಅವರ ಕಾಲೇ ಜಾರಿತ್ತು, ಇಬ್ಬರೂ ಗೋಡೆಗೆ ಒರಗಿ ಹೇಗೋ ಬಚಾವಾಗಿದ್ದರು. ಆಕೆ ಅದನ್ನು ಅಂದೇ ಮರೆತಿದ್ದರು. ಇವರು ಮಾತ್ರ ದಿನಾ ಬೆಳಗ್ಗೆ ಆ ಭಯ ಹೊತ್ತುಕೊಂಡೇ ಬಚ್ಚಲಿಗೆ ಹೋಗುತ್ತಿದ್ದರು, ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಆಕೆಗೂ ಬಾಯಿಬಿಡದ ಮಾತೊಂದಿತ್ತು. ಹೊಸ ಬಚ್ಚಲಲ್ಲಿ ತಾನೊಬ್ಬಳೇ ಸ್ನಾನ ಮಾಡಬೇಕು, ಬಾಗಿಲು ಹಾಕಿಕೊಂಡು.

ನಾನು ಮೇಸ್ತ್ರಿಯಲ್ಲ. ಆದರೆ ಇಂಥ ಮನೆಗಳನ್ನು ನೋಡಿ ನೋಡಿ ಒಂದಿಷ್ಟು ಗೊತ್ತಾಗಿದೆ, ಅದನ್ನೇ ಹೇಳಿದೆ. ಟೈಲ್ಸ್ ಡಬ್ಬದ ಮೇಲಿರುವ ಆರ್ 10, ಆರ್ 11 ಅನ್ನುವ ಅಂಕಿ ಬೂಟು ಹಾಕಿಕೊಂಡು ಎಣ್ಣೆ ಸುರಿದ ಇಳಿಜಾರಿನಲ್ಲಿ ನಡೆದು ನೋಡಿದ್ದು. ಬಚ್ಚಲಿಗೆ ಬೇಕಾದದ್ದು ಬರಿಗಾಲಿನ ಪರೀಕ್ಷೆ. ಅದನ್ನು ಸೋಪಿನ ನೀರು ಬಿಟ್ಟೇ ಮಾಡುತ್ತಾರೆ, ಎ, ಬಿ, ಸಿ ಅಂತ ದರ್ಜೆ ಕೊಡುತ್ತಾರೆ, ಹಿಡಿತ ಹೆಚ್ಚಿರುವುದು ಸಿಗೆ. ಷವರ್ ಕೆಳಗೆ ಬಿ ಇದ್ದರೆ ಸಾಕು. ಅದಕ್ಕಿಂತ ಒರಟಾದದ್ದು ತಂದರೆ ಸೋಪಿನ ಜಿಡ್ಡು ಹಿಡಿದುಕೊಳ್ಳುತ್ತದೆ, ಉಜ್ಜದಿದ್ದರೆ ಅದೇ ಜಾರುತ್ತದೆ.

ಹಿಡಿತ ಬೇಕಾದರೆ ಒರಟುತನವೇ ಬೇಕು ಅಂತಿಲ್ಲ. 5 ಸೆಂಟಿಮೀಟರಿನ ಸಣ್ಣ ಟೈಲ್ಸ್‌ಗೆ ಸಂದು ಜಾಸ್ತಿ, ಆ ಸಂದುಗಳೇ ಕಾಲನ್ನು ಹಿಡಿಯುತ್ತವೆ, ಇಳಿಜಾರಿಗೂ ಅವು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಸಂದನ್ನು ಎಪಾಕ್ಸಿ ಅನ್ನುವ, ನೀರು ಹೀರದ ಗಟ್ಟಿ ಅಂಟಿನಿಂದ ಟೈಲ್ಸ್ ಮಟ್ಟಕ್ಕೇ ತುಂಬಿಸಬೇಕು, ಇಲ್ಲದಿದ್ದರೆ ಕುರ್ಚಿಯ ಮುಂದಿನ ಪುಟ್ಟ ಚಕ್ರ ಟಕಟಕ ಅನ್ನುತ್ತದೆ. ಸಂದೇ ಬೇಡ ಅನ್ನುವವರಿಗೆ ಒದ್ದೆ ಜಾಗಕ್ಕೆಂದೇ ಮಾಡಿದ ವಿನೈಲ್ ಹಾಳೆ ಇದೆ. ಜೋಡಣೆಯನ್ನು ಕಾಯಿಸಿ ಬೆಸೆದು, ಅಂಚನ್ನು ಗೋಡೆಯ ಮೇಲೆ ಸ್ವಲ್ಪ ಎತ್ತರಕ್ಕೆ ಹತ್ತಿಸುತ್ತಾರೆ. ನನಗೆ ಅದೇ ಇಷ್ಟ, ಆದರೆ ಆಸ್ಪತ್ರೆಯ ಹಾಗೆ ಕಾಣುತ್ತದೆ ಅಂತ ಬೇಡ ಅನ್ನುವವರೇ ಜಾಸ್ತಿ. ಏನೇ ಹಾಕಿದರೂ ಮೇಲೆ ರಬ್ಬರ್ ಮ್ಯಾಟ್ ಬೇಡ, ಅದರ ಅಂಚಿಗೇ ಚಕ್ರ ಸಿಕ್ಕಿಕೊಳ್ಳುತ್ತದೆ.

ಇಳಿಜಾರಿನ ಬಗ್ಗೆ ಮಾತ್ರ ಮೇಸ್ತ್ರಿ ಪಕ್ಕದಲ್ಲೇ ನಿಂತು ನೋಡಿ ಅಂದೆ. ಮೀಟರಿಗೆ 2 ಸೆಂಟಿಮೀಟರ್ ಸಾಕು. ನೀರು ಬೇಗ ಹೋಗಲಿ ಅಂತ ಅವರು ಜಾಸ್ತಿ ಇಳಿಸುತ್ತಾರೆ, ಆಮೇಲೆ ಕೈ ಬಿಟ್ಟ ಕೂಡಲೇ ಕುರ್ಚಿ ನೀರು ಹೋಗುವ ಜಾಲರಿಯ ಕಡೆ ತಾನಾಗಿ ಹೊರಡುತ್ತದೆ. ನಡುವೆ ಗುಂಡಗಿನ ಜಾಲರಿ ಇಟ್ಟರೆ ನಾಲ್ಕೂ ಕಡೆಯಿಂದ ಇಳಿಜಾರು, ಕುರ್ಚಿ ಎಲ್ಲಿ ನಿಲ್ಲಿಸಿದರೂ ಓರೆ. ಗೋಡೆಯ ಬುಡದಲ್ಲಿ ಉದ್ದ ಜಾಲರಿ ಇಟ್ಟರೆ ಒಂದೇ ಕಡೆಗೆ ಇಳಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೆಲಸ ಕೊಟ್ಟೆ. ಮೂರು ಸ್ಯಾಂಪಲ್ ಮನೆಗೆ ತನ್ನಿ, ಶ್ಯಾಂಪೂ ನೀರು ಸುರಿಯಿರಿ. ನೀವು ಬರಿಗಾಲಲ್ಲಿ ಹಿಮ್ಮಡಿ ಊರಿ ತಿರುಗಿ ನೋಡಿ, ಆಕೆ ಅಂಗೈಯ ಹಿಂಭಾಗ ಉಜ್ಜಿ ನೋಡಲಿ. ಇಬ್ಬರೂ ಹ್ಞೂಂ ಅಂದದ್ದೇ ನೆಲಕ್ಕೆ.

ಬಾಗಿಲಿನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಕೊನೆಗೆ ಹೀಗೆ ಒಪ್ಪಂದವಾಯಿತು: ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು, ಕೂತಲ್ಲಿಂದಲೇ ಕೈಗೆ ಸಿಗುವ ಕರೆಗಂಟೆ ಇರಬೇಕು, ಆಕೆ ಅದನ್ನು ಬಾರಿಸುವವರೆಗೆ ಆತ ಹೊರಗಿನಿಂದ ಕರೆಯಬಾರದು.

ಎರಡು ತಿಂಗಳ ನಂತರ ಆಕೆಯ ಫೋನ್ ಬಂತು. ಸಣ್ಣ ಟೈಲ್ಸ್ ಹಾಕಿಸಿದ್ದಾರೆ. ಆತ ಮೊದಲ ವಾರ ಬಾಗಿಲ ಹೊರಗೆ ಪೇಪರ್ ಹಿಡಿದು ಕೂರುತ್ತಿದ್ದರಂತೆ, ಒಂದು ಪುಟವೂ ಮಗುಚುವ ಸದ್ದು ಇರಲಿಲ್ಲವಂತೆ. ಸೋಪಿನ ಗೂಡು ಮಾತ್ರ ಎತ್ತರವಾಗಿದೆ, ಕೈ ಎಟುಕುತ್ತಿಲ್ಲ. ಅದನ್ನು ನಾನೂ ಕೇಳಲು ಮರೆತಿದ್ದೆ.