ಮಗಳ ಓದಿಗೆ ಗದ್ದೆ ಅಡವಿಡಬೇಕೆ?

ಮದ್ದೂರು ತಾಲ್ಲೂಕಿನ ರೈತರೊಬ್ಬರ ಪತ್ರದ ಸಾರ: ಪಿಯುಸಿ ಮುಗಿಸಿದ ಮಗಳಿಗೆ ಬಿಸಿಎ ಎಂಬ ಕಂಪ್ಯೂಟರ್ ಪದವಿ ಓದುವ ಆಸೆ. ಮಂಡ್ಯದ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಗುತ್ತದೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದ ಹೆಸರಿದ್ದರೆ ಮಾತ್ರ ಕೆಲಸ ಎಂದು ನೆಂಟರು ಹೇಳುತ್ತಾರೆ. ಅದಕ್ಕೆ ಗದ್ದೆ ಅಡವಿಡಬೇಕು. ಏನು ಮಾಡಲಿ?

ಸಂಪಾದಕರ ಉತ್ತರ

ಮಾನ್ಯರೇ,

ಗದ್ದೆ ಅಡವಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನೆಂಟರ ಮಾತು ಪೂರ್ತಿ ಸುಳ್ಳಲ್ಲ. ದೊಡ್ಡ ಕಂಪನಿಗಳು ಕ್ಯಾಂಪಸ್ ಸಂದರ್ಶನಕ್ಕೆ ಕೆಲವೇ ಕಾಲೇಜುಗಳನ್ನು ಆರಿಸಿಕೊಳ್ಳುತ್ತವೆ. ಅವು ಕಾಲಿಡದ ಕಾಲೇಜಿನ ಹುಡುಗಿ ತಾನೇ ಹತ್ತಾರು ಕಡೆ ಅರ್ಜಿ ಹಾಕಬೇಕು, ಮೊದಲ ಕೆಲಸ ತಡವಾಗಬಹುದು. ಆದರೆ ಎಂಜಿನಿಯರಿಂಗ್ ಕಾಲೇಜುಗಳನ್ನು ನೋಡಿ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದುದ್ದಕ್ಕೂ ಕಾಲೇಜುಗಳಿವೆ. ಪದವಿ ಪತ್ರದ ಮೇಲೆ ಹೆಸರು ಒಂದೇ. ಆದರೂ ಒಂದು ಕಾಲೇಜಿಗೆ ಕಂಪನಿಗಳು ಸಾಲುಗಟ್ಟುತ್ತವೆ, ಇನ್ನೊಂದರತ್ತ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ವಿಶ್ವವಿದ್ಯಾಲಯದ ಹೆಸರು ಬಿಟ್ಟು ಆ ಕಾಲೇಜಿನ ಬಿಸಿಎ ವಿಭಾಗವನ್ನು ವಿಚಾರಿಸಿ. ಹೋದ ವರ್ಷ ಎಷ್ಟು ಮಕ್ಕಳು ಸಂದರ್ಶನಕ್ಕೆ ಕುಳಿತರು, ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ಅತಿ ಹೆಚ್ಚೂ ಅಲ್ಲದ ಅತಿ ಕಡಿಮೆಯೂ ಅಲ್ಲದ ನಡುವಿನ ಸಂಬಳವೆಷ್ಟು? ಹೆದ್ದಾರಿಯ ಫಲಕದಲ್ಲಿ ಬರೆಸಿರುವ ಲಕ್ಷಗಳು ಯಾರೋ ಒಬ್ಬರಿಗೆ ಸಿಕ್ಕಿದ್ದು. ಈ ಲೆಕ್ಕವನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಗೇಟಿನ ಹೊರಗೆ ಕೊನೆಯ ವರ್ಷದ ಮಕ್ಕಳನ್ನು ಕೇಳುವುದು ಮೇಲು.

ಮಗಳ ಮನಸ್ಸು ಸರ್ಕಾರಿ ಕೆಲಸದ ಕಡೆಗಿದ್ದರೆ ಈ ಚಿಂತೆಯೇ ಬೇಡ. ಕೆಎಎಸ್‌ಗಾಗಲಿ ಬ್ಯಾಂಕ್ ಪರೀಕ್ಷೆಗಾಗಲಿ ಮಾನ್ಯತೆ ಇರುವ ಪದವಿ ಸಾಕು. ಆ ಮಾನ್ಯತೆಯನ್ನು ಮಾತ್ರ ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಿ. ನಮ್ಮ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮಾನ್ಯತೆ ಕಳೆದುಕೊಂಡು 2018ರಲ್ಲಿ ಮರಳಿ ಪಡೆಯಿತು. ಆ ನಡುವಿನ ವರ್ಷಗಳಲ್ಲಿ ಪದವಿ ಹಿಡಿದು ಅತಂತ್ರರಾದ ಮಕ್ಕಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮದ್ದೂರಿನಿಂದ ಮಂಡ್ಯಕ್ಕೆ ಮಗಳು ಮನೆಯಿಂದಲೇ ಓಡಾಡಬಹುದು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. ಉಳಿದ ದುಡ್ಡಿನಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಕೊಡಿಸಿ. ರಜೆಯಲ್ಲಿ ಮೈಸೂರಿನ ಯಾವುದಾದರೂ ಸಣ್ಣ ಕಂಪನಿಯಲ್ಲಿ ಕೆಲಸ ಕಲಿಯಲು ಕಳುಹಿಸಿ. ಇಂಗ್ಲಿಷ್‌ನಲ್ಲಿ ತಡವರಿಸದೆ ಮಾತನಾಡುವ ಅಭ್ಯಾಸ ಈಗಿನಿಂದಲೇ ಆಗಲಿ, ಸಂದರ್ಶನದಲ್ಲಿ ನಮ್ಮ ಕಡೆಯ ಜಾಣ ಮಕ್ಕಳು ಎಡವುವುದು ಅಲ್ಲಿಯೇ. ಮುಂದೆ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಕಂಪ್ಯೂಟರ್ ಸ್ನಾತಕೋತ್ತರ ಪದವಿಯಾದ ಎಂಸಿಎಗೆ ದೊಡ್ಡ ಕಾಲೇಜು ಸೇರುವ ದಾರಿಯೂ ತೆರೆದಿರುತ್ತದೆ.

ನಿಮ್ಮ ಪತ್ರದಲ್ಲಿ ನೆಂಟರ ಮಾತಿದೆ, ಸಾಲದ ಲೆಕ್ಕವಿದೆ, ಮಗಳ ಮಾತು ಒಂದೂ ಇಲ್ಲ. ಈ ಪುಟವನ್ನು ಅವಳ ಕೈಗೆ ಕೊಡಿ. ಅವಳೇ ಬರೆದರೆ ಮುಂದಿನ ಸಂಚಿಕೆಯಲ್ಲಿ ಅವಳಿಗೇ ಉತ್ತರಿಸುತ್ತೇನೆ.