ದುಡ್ಡು ಖಾತೆಗೆ ಬಂತು, ಊರಿಗೆ ಏನು ಬಂತು?

ನಿಮ್ಮ ಪತ್ರಕ್ಕೆ ಧನ್ಯವಾದ. ಆಮದು ಸುಂಕದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಹೀಗೆ ಬರೆದಿದ್ದೀರಿ: "ಹೊರದೇಶದ ಮಾಲು ಅಗ್ಗವಾಗಿ ಸಿಕ್ಕರೆ ಬಡವರಿಗೇ ಜಾಸ್ತಿ ಲಾಭ. ಕೆಲಸ ಕಳೆದುಕೊಂಡವರ ಖಾತೆಗೆ ಸರ್ಕಾರ ದುಡ್ಡು ಹಾಕಲಿ, ಇಲ್ಲವೇ ಅವರು ಬೇರೆ ಊರಿಗೆ ಹೋಗಲಿ. ಒಂದು ಊರಿಗಾಗಿ ಇಡೀ ದೇಶ ಯಾಕೆ ಹೆಚ್ಚು ಬೆಲೆ ತೆರಬೇಕು?"

ನಿಮ್ಮ ಮೊದಲ ಮಾತನ್ನು ಒಪ್ಪುತ್ತೇನೆ. ಬಟ್ಟೆಬರೆ ಅಗ್ಗವಾದರೆ ಕಡಿಮೆ ಸಂಪಾದನೆಯವರ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಅದು ಸಣ್ಣ ವಿಷಯವಲ್ಲ. ಆದರೆ ಆ ಲಾಭ ದೇಶದ ತುಂಬ ಚೂರುಚೂರಾಗಿ ಹಂಚಿಹೋಗುತ್ತದೆ. ನಷ್ಟ ಮಾತ್ರ ಕೆಲವೇ ಊರುಗಳ ತಲೆಮೇಲೆ ಒಟ್ಟಿಗೆ ಬಂದು ಬೀಳುತ್ತದೆ.

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಮಾರ್ಟಿನ್ಸ್‌ವಿಲ್ ಎಂಬ ಪುಟ್ಟ ನಗರವಿದೆ. ಒಂದು ಕಾಲಕ್ಕೆ ಅದನ್ನು ಜಗತ್ತಿನ ಸ್ವೆಟ್‌ಶರ್ಟ್ ರಾಜಧಾನಿ ಎಂದು ಕರೆಯುತ್ತಿದ್ದರು. ಸುತ್ತಮುತ್ತ ಪೀಠೋಪಕರಣದ ಕಾರ್ಖಾನೆಗಳೂ ಇದ್ದವು. 1994ರಲ್ಲಿ ಮೆಕ್ಸಿಕೊ, ಕೆನಡಾಗಳ ಜೊತೆಗಿನ ನಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. 2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಹೊರಗಿನ ಅಗ್ಗದ ಮಾಲು ಬರತೊಡಗಿದ ಆ ವರ್ಷಗಳಲ್ಲಿ ಮಾರ್ಟಿನ್ಸ್‌ವಿಲ್‌ನ ಕಾರ್ಖಾನೆಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು.

ಅಂಥ ಊರಿನಲ್ಲಿ ಐವತ್ತು ವರ್ಷದ ಒಬ್ಬ ಹೊಲಿಗೆ ಕಾರ್ಮಿಕಳನ್ನು ನೆನೆಸಿಕೊಳ್ಳಿ. ಅವಳು ದುಡಿದದ್ದೆಲ್ಲ ಮನೆಗೆ ಹಾಕಿದ್ದಾಳೆ. ಬೇರೆ ಊರಿಗೆ ಹೋಗಬೇಕಾದರೆ ಆ ಮನೆ ಮಾರಬೇಕು, ಅಲ್ವಾ? ಆದರೆ ಬೀದಿಯ ಅರ್ಧ ಮನೆಗಳು ಮಾರಾಟಕ್ಕಿವೆ, ಕೊಳ್ಳುವವರಿಲ್ಲ. ಕೆಲಸದ ಜೊತೆಗೆ ಮನೆಯ ಬೆಲೆಯೂ ಬಿದ್ದುಹೋಗಿದೆ. ಅಮೆರಿಕದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದು ಊರಿನ ಆಸ್ತಿ ತೆರಿಗೆಯಿಂದ. ಮನೆಗಳ ಬೆಲೆ ಇಳಿದರೆ ತೆರಿಗೆ ಇಳಿಯುತ್ತದೆ, ಶಾಲೆಯ ಕೈ ಕಟ್ಟಿಹೋಗುತ್ತದೆ. ಅವಳ ಖಾತೆಗೆ ಸಹಾಯಧನ ಬಂದಿರಬಹುದು. ಮೊಮ್ಮಗನ ಶಾಲೆಗೆ ಏನೂ ಬರಲಿಲ್ಲ.

ಆ ಸಹಾಯಧನವಾದರೂ ಸರಿಯಾಗಿ ತಲುಪಿತೇ? ಆಮದಿನಿಂದ ಕೆಲಸ ಹೋದವರಿಗೆ ಭತ್ಯೆ, ತರಬೇತಿ ಕೊಡಲೆಂದೇ ಅಧ್ಯಕ್ಷ ಕೆನೆಡಿ ಕಾಲದಲ್ಲಿ, 1962ರಲ್ಲಿ, ಕಾನೂನು ಬಂತು. ಸುಂಕ ಇಳಿಸಿದ್ದರಿಂದಲೇ ತನ್ನ ಕೆಲಸ ಹೋಯಿತು ಎಂದು ಕಾರ್ಮಿಕ ತೋರಿಸಬೇಕಿತ್ತು. ಹಾಗೆ ತೋರಿಸುವುದು ಎಷ್ಟು ಕಷ್ಟವಾಗಿತ್ತೆಂದರೆ, 1969ರವರೆಗೆ ಒಬ್ಬರ ಅರ್ಜಿಯೂ ಮಂಜೂರಾಗಲಿಲ್ಲ. ಮುಂದೆ ನಿಯಮ ಸಡಿಲವಾಯಿತು. ಆದರೆ ಆಟರ್, ಡಾರ್ನ್, ಹ್ಯಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಚೀನಾದ ಮಾಲಿನಿಂದ ಪೆಟ್ಟು ತಿಂದ ಪ್ರದೇಶಗಳಿಗೆ ಈ ಯೋಜನೆಯಿಂದ ಬಂದದ್ದು ತೀರಾ ಕಡಿಮೆ. ಅಲ್ಲಿ ಜಾಸ್ತಿಯಾದದ್ದು ಅಂಗವೈಕಲ್ಯದ ಪಿಂಚಣಿ ಮತ್ತು ವೈದ್ಯಕೀಯ ನೆರವು. ಕೆಲಸ ಬೇಕು ಎನ್ನುತ್ತಿದ್ದವರಲ್ಲಿ ಎಷ್ಟೋ ಜನ 'ಕೆಲಸ ಮಾಡಲಾಗದವರು' ಎಂಬ ಪಟ್ಟಿ ಸೇರಿದರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಜುಲೈ 2022ರಿಂದ 1962ರ ಆ ಸಹಾಯಧನ ಯೋಜನೆಯಲ್ಲಿ ಹೊಸ ಅರ್ಜಿಗಳಿಗೆ ಮಂಜೂರಾತಿಯೇ ಇಲ್ಲ.

'ಬೇರೆ ಊರಿಗೆ ಹೋಗಲಿ' ಎಂಬ ಮಾತಿಗೂ ಪುರಾವೆ ಅಷ್ಟಾಗಿ ಸಿಗುವುದಿಲ್ಲ. ಭಾರತದಲ್ಲಿ 1991ರ ನಂತರ ಸರಾಸರಿ ಆಮದು ಸುಂಕ ಶೇ. 80ರ ಆಸುಪಾಸಿನಿಂದ 1996ರ ಹೊತ್ತಿಗೆ ಶೇ. 37ಕ್ಕೆ ಇಳಿಯಿತು. ಪೇಟಿಯಾ ಟೊಪಲೋವಾ ಎಂಬ ಅರ್ಥಶಾಸ್ತ್ರಜ್ಞೆ ಇದರ ಪರಿಣಾಮವನ್ನು ಜಿಲ್ಲಾವಾರು ನೋಡಿದರು. ದೇಶದಲ್ಲಿ ಬಡತನ ಇಳಿಯುತ್ತಿತ್ತು, ನಿಜ. ಆದರೆ ಸುಂಕ ಕಡಿತದ ಬಿಸಿ ಹೆಚ್ಚು ತಟ್ಟಿದ ಗ್ರಾಮೀಣ ಜಿಲ್ಲೆಗಳಲ್ಲಿ ಅದು ನಿಧಾನವಾಗಿ ಇಳಿಯಿತು. ಜನ ಊರು ಬಿಟ್ಟು ಹೋದದ್ದು ಬಹಳ ಕಡಿಮೆ. ಹೇಗೆ ಹೋಗುತ್ತಾರೆ ಹೇಳಿ? ಕಷ್ಟಕ್ಕೆ ಕೈಸಾಲ ಕೊಡುವವರು, ಮಗು ನೋಡಿಕೊಳ್ಳುವ ಅಜ್ಜಿ ಇರುವುದು ಆ ಊರಿನಲ್ಲೇ. ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಬ್ರೆಜಿಲ್ ಉತ್ತರ ಕೊಡುತ್ತದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಸುಂಕ ಇಳಿಸಿದಾಗ ಏಟು ತಿಂದ ಪ್ರದೇಶಗಳಲ್ಲಿ ಸಂಪಾದನೆಯ ನಷ್ಟ ಹತ್ತು ವರ್ಷದ ನಂತರ ಇದ್ದದ್ದಕ್ಕಿಂತ ಇಪ್ಪತ್ತು ವರ್ಷದ ನಂತರ ಇನ್ನೂ ಹೆಚ್ಚಾಗಿತ್ತು.

ಹಾಗಂತ ಬಾಗಿಲು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಬಾಗಿಲು ತೆರೆಯುವ ಮುಂಚೆ ಊರಿಗೆ ಸಮಯ ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ ಎನ್ನುತ್ತೇನೆ. ನಾಫ್ಟಾದಲ್ಲಿ ಮೆಕ್ಸಿಕೊದ ಮೆಕ್ಕೆಜೋಳದ ರೈತರಿಗೆ ಹದಿನೈದು ವರ್ಷದ ಗಡುವು ಇತ್ತು. ಅಲ್ಲಿಯವರೆಗೆ ಮಿತಿ ಮೀರಿ ಬಂದ ಆಮದಿಗೆ ಸುಂಕ ಹಾಕಬಹುದಿತ್ತು. ಆದರೆ ಸರ್ಕಾರವೇ ಆ ಸುಂಕ ಬಿಟ್ಟುಕೊಟ್ಟು, ಮಿತಿಗಿಂತ ಜಾಸ್ತಿ ಮೆಕ್ಕೆಜೋಳ ಒಳಗೆ ಬಿಟ್ಟಿತು. ರೈತರಿಗೆ ನೇರ ಹಣವನ್ನೂ ಕೊಟ್ಟರು. ಅದು ಹೆಕ್ಟೇರ್ ಲೆಕ್ಕದಲ್ಲಿ ಬಂದದ್ದರಿಂದ ತುಂಡು ಭೂಮಿಯವನಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೇ.

ಒಂದು ಊರಿಗಾಗಿ ದೇಶ ಯಾಕೆ ತೆರಬೇಕು ಎಂದು ಕೇಳಿದ್ದೀರಿ. ಬೆಲೆ ಹೆಚ್ಚು ತೆರುವುದು ಬೇಡ. ಅಗ್ಗದ ಮಾಲಿನಿಂದ ನಮಗೆಲ್ಲ ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಆ ಊರಿನ ಶಾಲೆಗೆ, ಆಸ್ಪತ್ರೆಗೆ, ಹೊಸ ಕೆಲಸ ಕಲಿಸುವ ಕೇಂದ್ರಕ್ಕೆ ಕೊಡೋಣ. ಅದೂ ಕಾರ್ಖಾನೆಗೆ ಬೀಗ ಬೀಳುವ ಮುಂಚೆ.